ತೂಕದವಳ ಮಾತು

ನಾಳೆ ರಾಜೀನಾಮೆ ಕೊಡುತ್ತೀಯಂತೆ, ಕಿಬಿವೊಟ್.
ಕೂತುಕೋ. ಚಹಾ ಇನ್ನೂ ಬಿಸಿ ಇದೆ.
ಕೆರಿಚೋದ ಎಲೆ. ಇದನ್ನೂ ಎಲ್ಲೋ ಒಂದು ಕಡೆ
ನಾನು ಮುಟ್ಟಿದ ತಕ್ಕಡಿಯೇ ತೂಗಿರಬೇಕು.

ಹತ್ತೊಂಬತ್ತು ವರ್ಷ ಸರ್ಕಾರದ ಮುದ್ರೆ ಒತ್ತಿದವಳು ನಾನು.
ಬಿಟ್ಟು ಬಂದ ದಿನ ಕೈಯಲ್ಲಿದ್ದದ್ದು
ಇಪ್ಪತ್ತು ಕಿಲೋದ ಎರಡು ಕಬ್ಬಿಣದ ತೂಕದ ಕಲ್ಲು,
ಆರು ತಿಂಗಳು ಹಿಟ್ಟು ಬೇಯಿಸುವಷ್ಟು ದುಡ್ಡು,
ಮತ್ತೊಂದು ಭ್ರಮೆ:
ನನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಅಂತ.
ಗೊತ್ತಿರಲಿಲ್ಲ.

ಮೊದಲ ಕಾರ್ಖಾನೆಯ ಮ್ಯಾನೇಜರು
"ಸುಮ್ಮನೆ ಒಂದು ಸಲ ನೋಡಿ ಹೋಗಿ" ಅಂದ.
ನೋಡಿದೆ. ಮೂರನೇ ಕಾಲಿನ ಕೆಳಗೆ
ಯಾರೋ ಮಡಚಿಟ್ಟ ರಟ್ಟು.
ಹೇಳಿದೆ. ಅರ್ಧ ಕಿಲೋ ಚಹಾಪುಡಿ ಕೊಟ್ಟು ಕಳಿಸಿದ.
ಆ ಪೊಟ್ಟಣ ಒಡೆದಿಲ್ಲ ಇನ್ನೂ, ನೋಡು, ರೇಡಿಯೋ ಪಕ್ಕ.

ಎರಡನೇ ಸಲ ಕರೆದಾಗ ಬೆಲೆ ಹೇಳಿದೆ.
ಹೇಳಿ, ಬಾಯಿ ಮುಚ್ಚಿದೆ.
ಇದೊಂದನ್ನು ಬರೆದುಕೊಳ್ಳಬೇಡ, ನುಂಗಿಕೋ:
ಬೆಲೆ ಹೇಳಿದ ಮೇಲೆ ಅದಕ್ಕೆ ಬಾಲ ಕಟ್ಟಬಾರದು,
"ಹೆಚ್ಚಾಯಿತೇನೋ" "ಹೊಂದಿಸಿಕೊಳ್ಳೋಣ" ಅನ್ನುವಂಥ ಬಾಲ.
ಮುಳ್ಳು ಅಲ್ಲಾಡುತ್ತದೆ, ಅಲ್ಲಾಡಲಿ.
ನಿಲ್ಲುವ ಮೊದಲೇ ಓದುವವನು ತೂಕದವನಲ್ಲ.

ಹಾಳೆ ಒಂದೇ ಸಾಕು.
ಎಷ್ಟು ತಕ್ಕಡಿ, ಯಾವ ದಿನ, ಅರ್ಧ ದುಡ್ಡು ಮುಂಚೆ.
ಕೊನೆಯಲ್ಲಿ, ದಪ್ಪ ಅಕ್ಷರದಲ್ಲಿ,
ಯಾವುದು ನನ್ನ ಕೆಲಸವಲ್ಲ ಅಂತ.
ಲೊಂಡಿಯಾನಿಯ ಹಾಲಿನ ಸಂಘದಲ್ಲಿ ಆ ಸಾಲು ಬಿಟ್ಟಿದ್ದೆ.
ಗುಮಾಸ್ತನ ಲೆಕ್ಕ ಬರೆದೆ, ಲಾರಿ ಚಾಲಕರ ಜಗಳ ಬಿಡಿಸಿದೆ,
ಕಡೆಗೆ ಅಧ್ಯಕ್ಷರ ಮಗಳ ಮದುವೆಗೆ
ಅಕ್ಕಿ ಎಷ್ಟು ಬೇಕೆಂದೂ ನಾನೇ ಹೇಳಬೇಕಾಯಿತು.
(ಉಳಿಯಿತು. ಮೂರು ಚೀಲ.)

ದೊಡ್ಡ ಗಿರಾಕಿ ಸಿಕ್ಕನೆಂದು ಹಿಗ್ಗಬೇಡ.
ಒಂದು ಸಕ್ಕರೆ ಗಿರಣಿ ನನ್ನ ವರ್ಷದ ಒಂಬತ್ತು ತಿಂಗಳನ್ನು ತಿನ್ನುತ್ತಿತ್ತು.
ಮಿಕ್ಕವರ ಫೋನು ನಾನು ಎತ್ತಲಿಲ್ಲ.
ಒಂದು ಸೋಮವಾರ ಹೋದರೆ ಗೇಟಿಗೆ ಬೀಗ,
ಕಾವಲುಗಾರ ನನ್ನನ್ನೇ ಕೇಳಿದ:
"ಅಮ್ಮಾ, ನಮ್ಮ ಸಂಬಳ ಯಾವಾಗ ಬರುತ್ತದೆ?"

ಮಾತಾಡುವುದಕ್ಕಿಂತ ಹೆಚ್ಚು ಕೇಳು.
ಮ್ಯಾನೇಜರನ್ನಲ್ಲ, ಸಾಲಿನಲ್ಲಿ ನಿಂತವರನ್ನು.
ಎಲೆ ಕೀಳುವ ಹೆಂಗಸಿಗೆ ತನ್ನ ಬುಟ್ಟಿಯ ತೂಕ
ಕತ್ತಿನಲ್ಲೇ ಗೊತ್ತು.

ಹಾಂ, ಇದನ್ನು ಹೇಳದೆ ಕಳಿಸಬಾರದು.
ಗಿರಣಿ ಮುಚ್ಚಿದ ವರ್ಷ. ಮಗನ ಶಾಲೆಯ ಫೀಸು ಬಾಕಿ.
ಹತ್ತು ಕಿಲೋಗೆ ಒಂಬತ್ತೂವರೆ ತೋರಿಸುವ ತಕ್ಕಡಿಗೆ
"ಸರಿ ಇದೆ" ಎಂದು ಬರೆದು ಸಹಿ ಹಾಕಿದೆ.
ಟಪ್ರಂದಿಚ್ ಅಂತ ಒಬ್ಬಳು, ನನ್ನಮ್ಮನ ವಯಸ್ಸು,
ಬುಟ್ಟಿ ಇಳಿಸಿ ಮುಳ್ಳು ನೋಡಿದಳು,
ಆಮೇಲೆ ನನ್ನನ್ನು ನೋಡಿದಳು.
ಏನೂ ಅನ್ನಲಿಲ್ಲ. ಬುಟ್ಟಿ ಬೆನ್ನಿಗೇರಿಸಿಕೊಂಡು ಹೋದಳು.

ಮೂರು ವಾರ ನಿದ್ದೆ ಬರಲಿಲ್ಲ, ತೂಕಡಿಕೆ ಅಷ್ಟೇ.
ವಾಪಸು ಹೋಗಿ ಇನ್ನೊಂದು ವರದಿ ಬರೆದುಕೊಟ್ಟೆ.
ಆ ಕಾರ್ಖಾನೆ ಹೋಯಿತು. ಅವನ ಭಾವಮೈದುನನ ಎರಡೂ ಹೋದವು.
ಫೀಸಿಗೆ ಹಸು ಮಾರಿದೆ.
ಅದಕ್ಕೇ ಅಂದದ್ದು, ಆರು ತಿಂಗಳ ದುಡ್ಡು.
ಅದು ಹಿಟ್ಟಿಗಲ್ಲ ಕಣೋ.
ಹಸಿದ ಬಾಯಲ್ಲಿ "ಆಗುವುದಿಲ್ಲ" ಅನ್ನುವ ಮಾತು
ನಿಲ್ಲುವುದಿಲ್ಲ, ಜಾರುತ್ತದೆ.
ಆ ಒಂದು ಮಾತಿಗೆ ಕೂಡಿಟ್ಟ ದುಡ್ಡು ಅದು.

ಆಮೇಲೆ? ಆಮೇಲೆ ಏನು,
ಟಪ್ರಂದಿಚ್‌ಳ ಸೊಸೆ ಬೇರೆ ಕಾರ್ಖಾನೆಯ ಸಮಿತಿಯಲ್ಲಿದ್ದಳು.
ಫೋನು ಬಂತು. ಬೆಲೆ ಹೇಳಿದೆ. ಸುಮ್ಮನಾದೆ.

ಕತ್ತಲಾಯಿತು. ಮಟಾಟು ತಪ್ಪೀತು ನಿನಗೆ.
ಬಾಗಿಲ ಹಿಂದಿವೆ ಆ ಕಲ್ಲುಗಳು, ಒಂದನ್ನು ತಗೊಂಡು ಹೋಗು,
ಸಾಲವಾಗಿ, ದಾನವಲ್ಲ, ನಾಳೆ ಹಾಳೆ ಕಳಿಸುತ್ತೇನೆ.
ಹಾಗಲ್ಲ, ಹಾಗಲ್ಲ.
ಬೆನ್ನು ಬಗ್ಗಿಸಬೇಡ.
ಮೊಣಕಾಲು ಮಡಚಿ ಎತ್ತು.