ಕಡ್ಡಾಯ ವಸ್ತುಗಳ ಪಟ್ಟಿ

ಪೊಹಾಂಗ್ ಬಂದರಿನ ಹಿಂದಿನ ಬೀದಿ,
ಅಂಗಡಿ ನಂಬರು ನಾನೂರ ಹನ್ನೆರಡು.
ಬೋರ್ಡಿನ ಮೇಲೆ ನಗುವ ಕೋಳಿ. ಅದರ ನಗೆಗೂ
ತಿಂಗಳಿಗಿಷ್ಟು ಅಂತ ಕಟ್ಟುತ್ತೇವೆ.

ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ
ಮೂವತ್ತೊಂದು ವರ್ಷ ನಿಂತವನು ನನ್ನ ಗಂಡ ಸಾಂಗ್‌ಚೋಲ್.
ನಿವೃತ್ತಿಯ ದುಡ್ಡು ಅಷ್ಟನ್ನೂ ಸುರಿದು
ಈಗ ನಿಂತಿರುವುದು ನೂರ ಎಪ್ಪತ್ತು ಡಿಗ್ರಿ ಎಣ್ಣೆಯ ಮುಂದೆ.
"ತಂಪಾಗಿದೆ" ಅನ್ನುತ್ತಾನೆ.
ಅವನ ತಮಾಷೆ ಯಾವತ್ತೂ ಅಷ್ಟೇ, ಒಂದೇ ಪದ.

ಎಣ್ಣೆ ಕಂಪನಿಯದು.
ಹದಿನೆಂಟು ಲೀಟರಿನ ಡಬ್ಬಿ, ಕೊರಳಿಗೆ ಅವರ ಮೊಹರು.
ಅದೇ ಗಿರಣಿಯ ಅದೇ ಎಣ್ಣೆ ಎದುರಿನ ಸಗಟು ಅಂಗಡಿಯಲ್ಲಿ
ಮೂರರಲ್ಲೊಂದು ಪಾಲು ಅಗ್ಗ.
ಒಂಬತ್ತು ವರ್ಷ ಆ ಬಾಗಿಲ ಮುಂದೆ
ಮುಖ ತಿರುಗಿಸಿಯೇ ನಡೆದಿದ್ದೇನೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನು.

ರಾಯಲ್ಟಿ ಇಲ್ಲ, ಬಿಡಿಗಾಸೂ ಇಲ್ಲ ಎಂದಿದ್ದರು
ಸಹಿ ಹಾಕಿಸಿದ ದಿನ, ಸೋಫಾದಲ್ಲಿ ಕೂರಿಸಿ, ಬಾರ್ಲಿ ಚಹಾ ಕೊಟ್ಟು.
ನಿಜ, ಇರಲಿಲ್ಲ.
ಅದು ಎಣ್ಣೆಯೊಳಗಿತ್ತು, ಹಿಟ್ಟಿನೊಳಗಿತ್ತು,
ಹಲ್ಲುಕಡ್ಡಿಯ ಎರಡೂ ತುದಿಯಲ್ಲಿತ್ತು.

ಈಗ ಕಾನೂನು ಬದಲಾಗಿದೆಯಂತೆ.
ಕೋಳಿ ತುಂಡರಿಸುತ್ತ ಟೀವಿಯಲ್ಲಿ ಕೇಳಿದೆ;
ಅರ್ಧ ಸುದ್ದಿ, ಅರ್ಧ ಕತ್ತಿಯ ಸದ್ದು.
ಏನೇನು ಕಂಪನಿಯಿಂದಲೇ ಕೊಳ್ಳಬೇಕೋ
ಕರಾರಿನಲ್ಲೇ ಬರೆಯಬೇಕು,
ಬೆಲೆ ಹೇಗೆ ಕಟ್ಟಿದಿರಿ ಎಂಬುದನ್ನೂ.
ನಮಗೆ ಹೊರೆಯಾಗುವಂತೆ ತಿದ್ದುವುದಾದರೆ
ಮೊದಲು ಕೂತು ಮಾತಾಡಬೇಕು.
ಕೂತು ಮಾತಾಡುವುದು!
ಏರಿಯಾ ಮೇನೇಜರ್ ಕೂತದ್ದನ್ನೇ ನಾನು ಕಂಡಿಲ್ಲ.
ನಿಂತೇ ಫ್ರಿಜ್ಜು ತೆರೆಯುತ್ತಾನೆ, ನಿಂತೇ ಫೋಟೋ ಹೊಡೆಯುತ್ತಾನೆ.

ಪಟ್ಟಿ ಬಂತು, ಹದಿನಾಲ್ಕು ಪುಟ.
ಸಾಂಗ್‌ಚೋಲ್ ಕನ್ನಡಕ ಏರಿಸಿ, ಕಾರ್ಖಾನೆಯ ಕಾಲದ
ಉಕ್ಕಿನ ಅಳತೆಪಟ್ಟಿ ಒತ್ತಿ ಹಿಡಿದು,
ರಾತ್ರಿ ಎರಡರವರೆಗೆ ಸಾಲು ಸಾಲಾಗಿ ಓದಿದ.
ಎಣ್ಣೆ. ಹಿಟ್ಟು. ಕೆಂಪು ಸಾಸು. ಡಬ್ಬ, ಡಬ್ಬಕ್ಕೆ ಕಟ್ಟುವ ದಾರ.
ಕಿಟಕಿಗೆ ಅಂಟಿಸುವ ಕೋಳಿರೆಕ್ಕೆ,
ಎಡದ್ದಕ್ಕೆ ಒಂದು ದರ, ಬಲದ್ದಕ್ಕೆ ಇನ್ನೊಂದು.
ಬೆಲೆ ಕಟ್ಟುವ ವಿಧಾನ: ಮಾರುಕಟ್ಟೆಯ ಪರಿಸ್ಥಿತಿಗೆ ಅನುಗುಣವಾಗಿ.
ಬರೆದಿದ್ದರು, ಸುಳ್ಳಲ್ಲ.
ಡಬ್ಬಿಯ ಬೆಲೆ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಅವನ ಬೆರಳು ನಿಂತಿತು.
ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ.
"ಓಕ್‌ಬುನ್" ಅಂದ, "ಮೂಲಂಗಿ ಇಲ್ಲ."

ಮರೆತಿದ್ದರು!
ಪ್ರತಿ ಡಬ್ಬದ ಜೊತೆ ಹೋಗುವ
ಆ ಬಿಳಿ, ಹುಳಿ ಮೂಲಂಗಿಯ ಚೌಕಗಳನ್ನೇ
ಮರೆತಿದ್ದರು ಹದಿನಾಲ್ಕು ಪುಟದ ವಕೀಲರು.

ಬೆಳಿಗ್ಗೆ ಜುಕ್ಡೋ ಸಂತೆಗೆ ಹೋದೆ.
ಮಣ್ಣು ಮೆತ್ತಿದ ಮೂಲಂಗಿ, ಮಗುವಿನ ತೊಡೆಯಷ್ಟು ದಪ್ಪ,
ಎಂಟು ಕೊಂಡೆ. ಯಾರನ್ನೂ ಕೇಳಲಿಲ್ಲ.
ಹೆಚ್ಚಿದೆ. ವಿನೆಗರ್, ಸಕ್ಕರೆ, ಉಪ್ಪು,
ನನ್ನತ್ತೆ ಹಾಕುತ್ತಿದ್ದಂತೆ ಚೂರು ಶುಂಠಿ.
ಚೌಕ ಸರಿಯಾಗಿ ಬರಲಿಲ್ಲ, ಒಂದೊಂದು ಒಂದೊಂದು ಥರ.
ಕೈಗೆ ರೂಢಿ ತಪ್ಪಿತ್ತು.

ವಾರಕ್ಕೆರಡು ಸಲ ದೋಣಿ ಇಳಿದು ಬರುವ ಮುದುಕ ಪ್ಯೋ
ಕಚ್ಚಿದ, ತಡೆದ, ನನ್ನನ್ನೇ ನೋಡಿದ.
"ಅಂಗಡಿ ಮಾರಿಬಿಟ್ಟಿರಾ?"
ಇಲ್ಲ ಅಂದೆ.
ಇನ್ನೊಂದು ಬಟ್ಟಲು ಕೇಳಿದ.

ನಿನ್ನೆ ಮೇನೇಜರ್ ಬಂದು ಮೂಲಂಗಿಯ ಫೋಟೋ ಹೊಡೆದುಕೊಂಡ,
ಎದುರಿನಿಂದ ಒಂದು, ಪಕ್ಕದಿಂದ ಒಂದು,
ಪೊಲೀಸರು ಕಳ್ಳನಿಗೆ ಹೊಡೆಯುವ ಹಾಗೆ.
ತಿದ್ದುಪಡಿ ಬರುತ್ತದೆ, ಗೊತ್ತು.
ಎಂಟು ಮೂಲಂಗಿಗೆ ಆಯುಷ್ಯ ಎಷ್ಟು?

ಆದರೂ ಮೊದಲು ಕೂರಬೇಕಲ್ಲ.
ಸಾಂಗ್‌ಚೋಲ್ ಒಳಗಿನಿಂದ ಒಂದು ಕುರ್ಚಿ ತಂದಿಟ್ಟಿದ್ದಾನೆ,
ಕಂಪನಿಯದೇ ಕುರ್ಚಿ, ಪಟ್ಟಿಯ ಹನ್ನೊಂದನೇ ಪುಟ.
ಒಂದು ಕಾಲು ಕುಂಟುತ್ತಿತ್ತು.
ಆ ಪುಟವನ್ನೇ ನಾಲ್ಕಾಗಿ ಮಡಚಿ
ಅಡಿಗೆ ಕೊಟ್ಟಿದ್ದಾನೆ.