ಮೂರಡಿ ತಗಡು

ನಗರಸಭೆಯಿಂದ ಚೀಟಿ ಬಂತು:
ಹವಾಮಂಟಪದ ಇತಿಹಾಸ ಬೇಕು,
ಎಂಟು ಸಾಲು ಮೀರಬಾರದು,
ತಗಡು ಮೂರೇ ಅಡಿ.

ಬೀದರಿನ ಕೆಂಪು ನೆಲ ಒಮ್ಮೆಲೇ ಮುಗಿದು
ಕೆಳಗೆ ಬಯಲು ಶುರುವಾಗುವ ತುದಿಯಲ್ಲಿ
ಕಲ್ಲಿನ ಕಟ್ಟೆ, ನಾಲ್ಕು ಕಂಬ, ಒಂದು ಸೂರು. ಗೋಡೆಯಿಲ್ಲ.
ಕೂತರೆ ದೂರದಲ್ಲಿ ಮಾಂಜ್ರಾ,
ಯಾರೋ ಒಣಹಾಕಿ ಮರೆತ ಧೋತರದ ಅಂಚು.

ದಫ್ತರದಲ್ಲಿ ಹುಡುಕಿದೆ.
ಕಟ್ಟಿಸಿದವನ ಹೆಸರಿದ್ದ ಹಾಳೆಯನ್ನು
ಗೆದ್ದಲು ಓದಿ ಮುಗಿಸಿತ್ತು.
ಉಳಿದದ್ದು ಖರ್ಚಿನ ಲೆಕ್ಕ:
ಸುಣ್ಣ ಇಷ್ಟು, ಬೆಲ್ಲ ಇಷ್ಟು,
ಗಾರೆ ಅರೆದ ಹೆಂಗಸರಿಗೆ ದಿನಕ್ಕೆ ಇಷ್ಟು,
ಕೊನೆಗೆ ಉರ್ದುವಿನಲ್ಲಿ ಒಂದೇ ಷರಾ:
ಸಾಹೇಬರು ಸಂಜೆ ಬಂದರು. ಸುಮ್ಮನೆ ಕೂತರು.

ಆಮೇಲೆ ಅದು ಸುಂಕದ ನಾಕಾ.
ಆಮೇಲೆ ಪ್ಲೇಗಿನ ವರ್ಷ, ಊರಾಚೆ ಇಟ್ಟವರ ಆಸ್ಪತ್ರೆ;
ಗೋಡೆಯ ಬದಲು ಗೋಣಿತಟ್ಟು.
ರಜಾಕಾರರ ಕಾಲದ ಒಂದು ರಾತ್ರಿ ಸೂರು ಸುಟ್ಟಿತು.
ಹಚ್ಚಿದವರು ಯಾರೆಂದು ಕೇಳಿದರೆ
ಎರಡು ಓಣಿಯವರು ಎರಡು ಹೆಸರು ಹೇಳುತ್ತಾರೆ,
ಎರಡನ್ನೂ ಮೆಲ್ಲಗೆ.

ಮೂರು ಕಂಬ ಸಾಗವಾನಿ. ನಾಲ್ಕನೆಯದು ಬೇವು.
ಝರೆಪ್ಪ ಬಡಿಗ ತಂದು ನಿಲ್ಲಿಸಿದ್ದು.
ಕೂಲಿ ಕೇಳಲಿಲ್ಲ, ಮಾಡೆಂದು ಯಾರೂ ಹೇಳಿರಲಿಲ್ಲವಲ್ಲ.
ಅವನ ಮೊಮ್ಮಗಳು ಘಾಳೆಮ್ಮ ಅಲ್ಲೇ ಪೇರಲ ಮಾರುತ್ತಾಳೆ,
ಮೊದಲು ಮಂಟಪ ಗುಡಿಸಿ, ಆಮೇಲೆ ಬುಟ್ಟಿ ಇಳಿಸಿ.
"ಕಟ್ಟಿದವ್ರದ್ದು ಯಾಕ ಬೇಕ್ರೀ?" ಅಂದಳು.
"ಈ ಕೆಂಪ ಕಲ್ಲ ನೋಡ್ರಿ, ಕಡಿಯೂ ಮುಂದ ಬೆಣ್ಣಿ ಇದ್ದಂಗ ಇರ್ತದ,
ಗಾಳಿ ಕುಡದು ಕುಡದು ಗಟ್ಟಿ ಆಗ್ತದ.
ಗಾಳಿದೇ ಬರೀರಿ."

ಎಂಟು ಸಾಲಿನಲ್ಲಿ ಗಾಳಿಗೆ ಜಾಗ ಸಿಗಲಿಲ್ಲ.
ಝರೆಪ್ಪನಿಗೆ ಹೇಗೋ ಅರ್ಧ ಸಾಲು ಬಿಡಿಸಿಕೊಂಡೆ;
ಮೇಲಿನವರು ಅದನ್ನು ಹೊಡೆದುಹಾಕಿ
ಯಾವ ಅನುದಾನ, ಎಷ್ಟು ಲಕ್ಷ ಎಂದು ತುಂಬಿದರು.

ತಗಡು ನಿಂತಿತು, ಕಬ್ಬಿಣದ ಎರಡು ಕಾಲ ಮೇಲೆ,
ಸರಿಯಾಗಿ ಮಾಂಜ್ರಾ ಕಾಣುವ ಕಡೆಗೇ.
ಬಂದವರು ಹೊಳೆಯಿದ್ದ ಜಾಗದಲ್ಲಿ
ನನ್ನ ಕಾಗುಣಿತ ನೋಡಿ ಹೋದರು.

ವಾರ ಬಿಟ್ಟು ಹೋದೆ.
ತಗಡು ನಾಲ್ಕು ಮಾರು ಎಡಕ್ಕೆ ಸರಿದಿತ್ತು,
ಬುಡಕ್ಕೆ ಹೊಸ ಸಿಮೆಂಟು, ಇನ್ನೂ ಹಸಿ,
ಅದರಲ್ಲೊಂದು ಬರಿಗಾಲಿನ ಗುರುತು.
ಘಾಳೆಮ್ಮ ಪೇರಲ ಹೆಚ್ಚಿ, ಉಪ್ಪು ಖಾರ ಸವರಿ ಕೊಟ್ಟಳು.
ನಾನೇನೂ ಕೇಳಲಿಲ್ಲ.
ಬೇವಿನ ಕಂಬಕ್ಕೆ ಒರಗಿ
ಹೊಳೆ ನೋಡುತ್ತ ತಿಂದೆ.