ತರಿ ಬರುವ ಹೊತ್ತು

ಮೇಲ್ಕೊಡಿಗೆಗೆ ಜೀಪು ಹತ್ತುವುದಿಲ್ಲ.
ಕೊನೆಯ ತಿರುವಿನ ಅತ್ತಿಮರದ ಬುಡದಲ್ಲೇ ನಿಂತು
ಹಾರನ್ನು ಹೊಡೆಯುತ್ತದೆ. ಅಲ್ಲಿಂದ ಮೇಲೆ
ತಲೆ, ಹೆಗಲು, ಇಲ್ಲವೇ ಲಿಗೋರಿಯ ಲೂನಾ,
ಅದೂ ಹಿಂದಿನಿಂದ ತಳ್ಳಿದರೆ.

ಹನ್ನೊಂದು ಮನೆ. ಎಲ್ಲ ಕೂಡಿದರೂ ಇಪ್ಪತ್ತು ಎಕರೆ ದಾಟದು.
ಒಂದು ಪಲ್ಪರ್, ಒಂದು ಸಿಮೆಂಟು ತೊಟ್ಟಿ,
ತೊಟ್ಟಿ ಕಾಯಲು ನಾನು.

ದಿನ ಬಿಟ್ಟು ದಿನ ಸಂಜೆಗೆ ಹಣ್ಣು ಬರುತ್ತದೆ.
ಹಾಲಪ್ಪನದು ನಾಲ್ಕು ಚೀಲ, ಬಾಯಿ ಬಿಗಿದು ಕಟ್ಟಿದ್ದು,
ಅವನ ಬಾಯಿಯ ಹಾಗೇ.
ಸಣ್ಣೀರಿಯದು ಒಂದೇ ಕುಕ್ಕೆ, ಮೇಲೆ ಹಾಲವಾಣದ ಎಲೆ,
ಒಳಗೆ ಒಂದೊಂದೂ ಸೆರಗಿಂದ ಒರೆಸಿಟ್ಟಷ್ಟು ಕೆಂಪು.
ಕರಿಯಣ್ಣನದು ಎಲ್ಲರಿಗಿಂತ ಕಡೆಗೆ,
ಹಾಲಪ್ಪ ಹೋದನೇ ಎಂದು ಬೇಲಿ ಸಂದಿಯಿಂದ ನೋಡಿಕೊಂಡು.
ಅಣ್ಣ ತಮ್ಮ. ಮಾತು ಬಿಟ್ಟು ಮೂರು ವರ್ಷ.
ಒಂದು ಸಿಲ್ವರ್ ಓಕ್ ಯಾರ ಹದ್ದಿನಲ್ಲಿದೆ ಎಂಬುದಕ್ಕೆ.
ಮರಕ್ಕೆ ಇದರ ಪರಿವೆ ಇಲ್ಲ,
ಎರಡೂ ಕಡೆಯ ಮೆಣಸಿನ ಬಳ್ಳಿ ಹೊತ್ತು ನಿಂತಿದೆ.

ನೀರಿಗೆ ಸುರಿದರೆ ಹಣ್ಣು ನಿಜ ಹೇಳುತ್ತದೆ:
ಗಟ್ಟಿ ಮುಳುಗುತ್ತದೆ, ಜೊಳ್ಳು ತೇಲುತ್ತದೆ.
ನನ್ನ ಗಂಡನ ಚೀಲದ್ದೇ ಅರ್ಧ ತೇಲಿದ ದಿನ
ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಪಲ್ಪರ್ ತಿರುಗಿ ಸಿಪ್ಪೆ ಅತ್ತ, ಬೀಜ ಇತ್ತ.
ಸಿಪ್ಪೆ ಕಳೆದ ಮೇಲೆ ಯಾವುದು ಯಾರದೆಂದು
ಹೆತ್ತ ಗಿಡಕ್ಕೂ ತಿಳಿಯದು.
ಬರೀ ಲೋಳೆ. ಆಗಷ್ಟೇ ಹುಟ್ಟಿದ ಕರುವಿನ ಮೈ.
ತನ್ನಷ್ಟಕ್ಕೆ ಹುಳಿತು ಬಿಡಬೇಕು, ಅವಸರಕ್ಕೆ ಮದ್ದಿಲ್ಲ.
ಪೇಟೆಯ ಹುಡುಗ ಕೊಟ್ಟ ಮೀಟರು
ಬ್ಯಾಟರಿ ಸತ್ತು ಗೋಡೆಯ ಗೂಡಿನಲ್ಲಿದೆ.
ನನಗೆ ಈ ಬಲಗೈ.

ಇದು ಎರಡನೇ ರಾತ್ರಿ.
ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ ಮೊಣಕೈವರೆಗೆ ಅದ್ದಿದೆ.
ಮಾಗಿಯ ಚಳಿಗೆ ಮೊದಲು ಬಳೆ ತಣ್ಣಗಾಗುತ್ತದೆ, ಆಮೇಲೆ ಮೂಳೆ.
ತೊಟ್ಟಿಗೆ ಗೋಣಿ ಹೊದಿಸಿ, ಮೇಲೆ ನನ್ನ ಕಂಬಳಿ ಹಾಕಿದೆ.
"ನಿಂಗೆ?" ಎಂದರು ಗಂಡ, ಜ್ವರದಲ್ಲೇ.
ನನಗೆ ಒಲೆ ಇದೆ, ಎಂದೆ.

ನಾಲ್ಕೂವರೆಗೆ ತರಿ ಬಂತು.
ಹೊಳೆಯ ಮರಳು ಹಿಸುಕಿದಂತೆ ಅಂಗೈಯೊಳಗೆ ಕಿರಿಕಿರಿ.
ಕೋಲು ನೆಟ್ಟು ಕಿತ್ತೆ, ತೂತು ಮುಚ್ಚಲಿಲ್ಲ.
ತಡವಾದರೆ ಹುಳಿ ಬೀಜಕ್ಕಿಳಿಯುತ್ತದೆ.
ಅಂಗಳಕ್ಕೆ ಬಂದು ಕೂಗಿದೆ, ಯಾರ ಹೆಸರೂ ಹಿಡಿಯದೆ,
"ತರಿ ಬಂತೂ..." ಎಂದು ಕತ್ತಲಿಗೆ.
ಎರಡು ಕಡೆಯಿಂದ ಎರಡು ಟಾರ್ಚು ಇಳಿದವು.

ಹಾಲಪ್ಪ ಆ ತುದಿ, ಕರಿಯಣ್ಣ ಈ ತುದಿ.
ನೀರು ಬಿಟ್ಟೆ. ತುಳಿದರು.
ಮೂರನೇ ನೀರಿಗೆ ಹಾಲಪ್ಪ,
"ಒಲೆ ಮ್ಯಾಲೆ ಏನಾರ ಐತಾ?" ಎಂದ, ನನಗೋ ತೊಟ್ಟಿಗೋ.
"ಇದ್ದೀತು" ಎಂದ ಕರಿಯಣ್ಣ, ಗೋಡೆಗೆ.
ಅಷ್ಟೇ. ನಾಲ್ಕನೇ ನೀರಿಗೆ ಮತ್ತೆ ಇಬ್ಬರೂ ಮೂಗರು.

ಕುಡಿದದ್ದು ಜೊಳ್ಳಿನ ಕಾಫಿ,
ತೇಲಿದ್ದನ್ನು ಒಣಗಿಸಿ, ಹುರಿದು, ಬೆಲ್ಲದಲ್ಲಿ ಕುದಿಸಿದ್ದು.
ನಮ್ಮ ಮನೆಗಳಲ್ಲಿ ಅದೇ.
ಮುಳುಗಿದ್ದು ಘಟ್ಟ ಇಳಿದು ಹೋಗುತ್ತದೆ.

ಹೋದ ಸಲ ಚಿಕ್ಕಮಗಳೂರಿನಿಂದ ಒಂದು ಪೊಟ್ಟಣ ಬಂದಿತ್ತು.
ನಮ್ಮದೇ. ಮೇಲೆ ಅಚ್ಚು ಹಾಕಿದ್ದರು:
ಮೇಲ್ಕೊಡಿಗೆ, ಏಕಮೂಲದ ಕಾಫಿ. ರುಚಿ: ಕಿತ್ತಳೆ, ಜೇನು, ಮಲ್ಲಿಗೆ.
"ಮಲ್ಲಿಗೆ ಯಾರ ಹಿತ್ತಿಲಲ್ಲೈತೆ?" ಎಂದಳು ಸಣ್ಣೀರಿ.
"ಏಕ ಅಂತೆ!" ಕರಿಯಣ್ಣ ಮೂಗು ಮುರಿದ,
"ಪಾಲಾಗಿರೋದು ಅವ್ರಿಗೆ ಯಾರು ಹೇಳ್ಬೇಕು?"
ಹಾಲಿಲ್ಲದೆ, ಬೆಲ್ಲವಿಲ್ಲದೆ ಕುಡಿಯಬೇಕಂತೆ. ಕುಡಿದೆವು.
ಎಲ್ಲರ ಮುಖವೂ ಹಿಂಡಿದ ಬಟ್ಟೆ.
ಲಿಗೋರಿ ಹೊರಗೆ ಹೋಗಿ ಉಗಿದು ಬಂದ.

ನಾನು ಮಾತ್ರ ಇನ್ನೊಂದು ಗುಟುಕು ತಗೊಂಡೆ.
ಕಿತ್ತಳೆ ಸಿಗಲಿಲ್ಲ. ಜೇನೂ ಇಲ್ಲ.
ನಾಲಿಗೆಯ ಅಂಚಿಗೆ ಸಣ್ಣಗೆ ತಣ್ಣಗೆ
ಗುರುತಿದ್ದದ್ದು ಏನೋ ತಾಗಿತು. ಹೇಳಲಿಲ್ಲ.

ಓಕ್ ಮರದ ಕೇಸು ಇನ್ನೂ ನಡೆದಿದೆ.
ಇವತ್ತು ಸಂಜೆ ಮತ್ತೆ ಹಣ್ಣು.
ಬಳೆ ತೆಗೆದಿಟ್ಟಿದ್ದೇನೆ.